ಆಟದ ವಿಡಿಯೋಗಳನ್ನು ಕಾಪಾಡುತ್ತಿರುವ ಬಂಧುಗಳಿಗೆ ಒಂದು ಬಹಿರಂಗ ಪತ್ರ

ಯಕ್ಷಗಾನ ಬಯಲಾಟ, ತಾಳಮದ್ದಳೆ ಮೊದಲಾದ ಪ್ರದರ್ಶನಗಳನ್ನು ವಿಡಿಯೋದಲ್ಲಿ ಹಿಡಿದಿಟ್ಟು, ಹಾರ್ಡ್ ಡಿಸ್ಕುಗಳಲ್ಲಿ ಕೂಡಿಟ್ಟು, ಕಲಾಸಕ್ತರಿಗೆ ಹಂಚುತ್ತಿರುವ ಸಮಸ್ತ ಸಹೃದಯರಿಗೆ,

ಮಾನ್ಯ ಬಂಧುಗಳೆ,

ಕಾಸರಗೋಡಿನಿಂದ ಮೊದಲ್ಗೊಂಡು ಉತ್ತರ ಕನ್ನಡದ ಘಟ್ಟದ ಮೇಲಣ ಊರುಗಳವರೆಗೆ, ಮೇಳಗಳು ತಿರುಗಾಟಕ್ಕೆ ಹೊರಟಂದಿನಿಂದ ಪತ್ತನಾಜೆಗೆ ಗೆಜ್ಜೆ ಬಿಚ್ಚುವ ತನಕ, ರಂಗಸ್ಥಳದ ಎದುರಿನಲ್ಲಿ ಕ್ಯಾಮರಾ ಹೂಡಿಕೊಂಡು, ಒಡ್ಡೋಲಗದಿಂದ ಮಂಗಳದವರೆಗೆ ನಿದ್ದೆಗೆಟ್ಟು ನಿಂತು, ಯಾವ ಪ್ರತಿಫಲವನ್ನೂ ಬಯಸದೆ ತಾವು ನಡೆಸಿಕೊಂಡು ಬಂದಿರುವ ಕಾರ್ಯದ ಮಹತ್ತ್ವವನ್ನು ಈ ಕಾಲದ ಜನ ಇನ್ನೂ ಪೂರ್ಣವಾಗಿ ಅರಿತಿಲ್ಲವೆಂದೇ ನನ್ನ ಭಾವನೆ. ಮುದ್ರಿತ ಪ್ರಸಂಗದಲ್ಲಿ ಪದ್ಯವಷ್ಟೇ ಉಂಟು. ಆ ಪದ್ಯಕ್ಕೆ ಅರ್ಥಧಾರಿಯು ಆ ರಾತ್ರಿ, ಆ ಸಭೆಯಲ್ಲಿ, ಎದುರಾಳಿಯ ಮಾತಿಗೆ ಉತ್ತರವಾಗಿ ಆಶುವಾಗಿ ಹೇಳಿದ ಅರ್ಥವಾಗಲಿ, ಭಾಗವತನು ಅದೇ ಹೊತ್ತಿಗೆ ಎತ್ತಿಕೊಂಡ ರಾಗದ ಛಾಯೆಯಾಗಲಿ, ಮದ್ದಳೆಗಾರನ ಕೈಚಳಕವಾಗಲಿ ಯಾವ ಗ್ರಂಥದಲ್ಲಿಯೂ ಬರೆದಿಟ್ಟಿರುವುದಿಲ್ಲ. ಅವು ಉಳಿದರೆ ತಮ್ಮ ಫೈಲುಗಳಲ್ಲಿ ಉಳಿಯಬೇಕು; ಅಳಿದರೆ ಅಲ್ಲಿಯೇ ಅಳಿಯುತ್ತವೆ.

ಹೀಗಿರುವಲ್ಲಿ, ಆ ಫೈಲುಗಳನ್ನು ಕಿರಿದುಮಾಡುವ ವಿಷಯದಲ್ಲಿ ಈಚೆಗೆ ನಮ್ಮಲ್ಲಿ ಬೆಳೆದುಬಂದಿರುವ ಒಂದು ಅಭ್ಯಾಸವನ್ನು ಕುರಿತು ತಮ್ಮಲ್ಲಿ ನಿವೇದಿಸಿಕೊಳ್ಳಬೇಕೆಂದು ಈ ಪತ್ರವನ್ನು ಬರೆಯುತ್ತಿದ್ದೇನೆ. ಡಿಸ್ಕು ತುಂಬಿತೆಂದೋ, ಮೊಬೈಲಿನಲ್ಲಿ ಕಳಿಸಲು ಆಗದೆಂದೋ, ಕೈಗೆ ಸಿಕ್ಕಿದ ಯಾವುದಾದರೊಂದು ಆ್ಯಪಿಗೆ ಫೈಲನ್ನು ಒಪ್ಪಿಸಿ, ಅದು ಮರಳಿ ಕೊಟ್ಟದ್ದನ್ನು ಒಂದೆರಡು ನಿಮಿಷ ಓಡಿಸಿ ನೋಡಿ, ಸರಿಯಾಗಿದೆಯೆಂದು ಸಮಾಧಾನಪಟ್ಟುಕೊಂಡು, ಮೂಲವನ್ನು ಅಳಿಸಿಬಿಡುವುದೇ ಆ ಅಭ್ಯಾಸ. ಫೈಲನ್ನು ಕಿರಿದುಮಾಡುವುದು ದೋಷವೆಂದು ನಾನು ಹೇಳುತ್ತಿಲ್ಲ. ಅದು ಅನಿವಾರ್ಯವಾದ ಕೆಲಸ. ಆದರೆ ಚಿತ್ರದಲ್ಲಿ ಏನನ್ನು ಉಳಿಸಬೇಕು, ಏನನ್ನು ಬಿಡಬಹುದು ಎಂಬ ತೀರ್ಮಾನವನ್ನು ಆಟವನ್ನು ಬಲ್ಲ ತಾವು ಮಾಡಬೇಕೇ ಹೊರತು, ಆಟವೆಂದರೇನೆಂದು ತಿಳಿಯದ, ತನ್ನ ತೀರ್ಮಾನವನ್ನು ಯಾರಿಗೂ ತಿಳಿಸದ ಒಂದು ಆ್ಯಪು ಮಾಡಬಾರದೆಂಬುದೇ ನನ್ನ ವಾದ.

ಮೊದಲು ಗಾತ್ರದ ಮಾತನ್ನು ನೋಡೋಣ. ಇಂದು ಸಾಮಾನ್ಯವಾಗಿರುವ 1920 ಅಡ್ಡ, 1080 ಉದ್ದ ಬಿಂದುಗಳ ಚಿತ್ರವನ್ನು ಯಾವ ಸಂಕೋಚನವೂ ಇಲ್ಲದೆ ಬರೆದಿಡುವುದಾದರೆ, ಬಣ್ಣದ ಮಾಹಿತಿಯನ್ನು ನಾಲ್ಕು ಬಿಂದುಗಳಿಗೆ ಒಂದರಂತೆ ಕಡಮೆಮಾಡಿಕೊಂಡ ಮೇಲೂ, ಒಂದೊಂದು ಫ್ರೇಮಿಗೆ 31 ಲಕ್ಷ ಬೈಟುಗಳಿಗಿಂತ ಹೆಚ್ಚು ಬೇಕಾಗುತ್ತದೆ. ಸೆಕೆಂಡಿಗೆ 25 ಫ್ರೇಮಿನಂತೆ ಒಂದು ಗಂಟೆಗೆ ಸುಮಾರು 280 ಗಿಗಾಬೈಟು, ಎಂಟು ಗಂಟೆಯ ಇಡೀ ರಾತ್ರಿಯ ಆಟಕ್ಕೆ 2.2 ಟೆರಾಬೈಟಿಗೂ ಮಿಗಿಲು. ತಮ್ಮಲ್ಲಿ ಅನೇಕರು ಬಳಸಿದ ಎವಿಸಿಎಚ್‌ಡಿ ಕ್ಯಾಮರಾಗಳು ಇದನ್ನು ಸೆಕೆಂಡಿಗೆ 24 ಮೆಗಾಬಿಟ್ಟಿನ ಒಳಗೆ ತಂದು ನಿಲ್ಲಿಸುತ್ತವೆ; ಆಗ ಅದೇ ಆಟ ಹೆಚ್ಚೆಂದರೆ 86 ಗಿಗಾಬೈಟಾಗುತ್ತದೆ. ಎಂದರೆ, ತಾವು ಮೂಲವೆಂದು ಕರೆಯುವ ಫೈಲು ಕೂಡ ಕ್ಯಾಮರಾದ ಒಡಲಿನಲ್ಲಿಯೇ ಇಪ್ಪತ್ತೈದರಲ್ಲಿ ಒಂದು ಪಾಲಿಗೆ ಇಳಿದು ಬಂದಿರತಕ್ಕದ್ದು. ಇನ್ನೊಮ್ಮೆ ಇಳಿಸಹೊರಡುವವನು ಈ ಸಂಗತಿಯನ್ನು ಮರೆಯಬಾರದು.

ಇಷ್ಟೊಂದು ಇಳಿತ ಸಾಧ್ಯವಾಗುವುದು ಎರಡು ಉಪಾಯಗಳಿಂದ. ಒಂದು ಫ್ರೇಮಿಗೂ ಅದರ ಮುಂದಿನದಕ್ಕೂ ಇರುವ ಸಾಮ್ಯವನ್ನು ಬಳಸಿಕೊಳ್ಳುವುದು ಮೊದಲನೆಯದು: ಹಿಂದಿನ ಪರದೆ, ಭಾಗವತನ ಪೀಠ, ರಂಗಸ್ಥಳದ ಕಂಬಗಳು ಅಲುಗದೆ ಇರುವಾಗ ಅವುಗಳನ್ನು ಸೆಕೆಂಡಿಗೆ 25 ಸಲ ಬರೆಯುವ ಬದಲು ‘ಹಿಂದಿನಂತೆಯೇ’ ಎಂದು ಸೂಚಿಸಿದರೆ ಸಾಕು, ವೇಷಧಾರಿ ಎಡದಿಂದ ಬಲಕ್ಕೆ ಸರಿದರೆ ಚಿತ್ರದ ಆಯಾ ಸಣ್ಣ ಚೌಕವು ಎಷ್ಟು ಸರಿಯಿತೆಂಬುದನ್ನೂ, ಸರಿದಮೇಲೆ ಉಳಿದ ವ್ಯತ್ಯಾಸವನ್ನೂ ಬರೆದರೆ ಸಾಕು. ಆ ಉಳಿದ ವ್ಯತ್ಯಾಸವನ್ನು ಬಿಂದುಬಿಂದುವಾಗಿ ಇಡದೆ, ನಿಧಾನವಾಗಿ ಬದಲಾಗುವ ಅಂಶ, ಶೀಘ್ರವಾಗಿ ಬದಲಾಗುವ ಅಂಶ ಎಂದು ವಿಂಗಡಿಸಿ, ಕಣ್ಣು ಅಷ್ಟಾಗಿ ಗುರುತಿಸದ ಸೂಕ್ಷ್ಮಾಂಶಗಳನ್ನು ಒರಟಾಗಿ ಅಳೆದು ಬರೆಯುವುದು ಎರಡನೆಯದು.

ಈ ಎರಡನೆಯ ಉಪಾಯದ ಮೂಲದಲ್ಲಿರುವ ಗಣಿತವು ನಮ್ಮ ಬೆಂಗಳೂರಿನಲ್ಲಿ 1940ರಲ್ಲಿ ಹುಟ್ಟಿ, ಅಲ್ಲಿಯೇ ವಿಶ್ವೇಶ್ವರಯ್ಯ ಇಂಜಿನಿಯರಿಂಗ್ ಕಾಲೇಜಿನಲ್ಲಿ ಓದಿದ ನಾಸಿರ್ ಅಹ್ಮದ್ ಅವರದು ಎಂಬ ವಿಷಯವನ್ನು ಇಲ್ಲಿ ಹೇಳದೆ ಮುಂದೆ ಹೋಗಲು ನನಗೆ ಮನಸ್ಸಾಗದು. ಅಮೆರಿಕದ ಕಾನ್ಸಾಸ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಅಧ್ಯಾಪಕರಾಗಿದ್ದ ಅವರು 1972ರಲ್ಲಿ ಈ ವಿಚಾರವನ್ನು ಮುಂದಿಟ್ಟು ಅಲ್ಲಿನ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನದಿಂದ ಧನಸಹಾಯವನ್ನು ಕೋರಿದಾಗ ಅದು ದೊರೆಯಲಿಲ್ಲ. ಆದರೂ ಕೈಬಿಡದೆ ಕೆಲಸವನ್ನು ಮುಂದುವರಿಸಿ, ಟಿ. ನಟರಾಜನ್ ಮತ್ತು ಕೆ. ಆರ್. ರಾವ್ ಅವರೊಂದಿಗೆ 1974ರ ಜನವರಿಯಲ್ಲಿ ಡಿಸ್ಕ್ರೀಟ್ ಕೊಸೈನ್ ಟ್ರಾನ್ಸ್‌ಫಾರ್ಮ್ ಎಂಬ ಲೇಖನವನ್ನು ಪ್ರಕಟಿಸಿದರು. ಇಂದು ಜೆಪೆಗ್ ಚಿತ್ರದಲ್ಲಿಯೂ, ಡಿವಿಡಿಯಲ್ಲಿಯೂ, ಮಿನಿಡಿವಿ ಟೇಪಿನಲ್ಲಿಯೂ, ಎಚ್.264 ಎಂಬ ವಿಡಿಯೋ ಮಾನಕದಲ್ಲಿಯೂ ಕೆಲಸಮಾಡುತ್ತಿರುವುದು ಆ ಗಣಿತ ಅಥವಾ ಅದರ ಸಮೀಪದ ರೂಪ. ಕನ್ನಡನಾಡಿನ ಒಂದು ಆಟ ಇಂದು ದೂರದೇಶದ ಪರದೆಯ ಮೇಲೆ ಕುಣಿಯುವುದಕ್ಕೆ ಕನ್ನಡನಾಡಿನಲ್ಲಿಯೇ ಓದಿ ಬೆಳೆದ ಒಬ್ಬರ ಬುದ್ಧಿಯು ದಾರಿಮಾಡಿಕೊಟ್ಟಿತೆಂಬುದು ನಾವು ಹೆಮ್ಮೆಯಿಂದ ನೆನೆಯತಕ್ಕ ಸಂಗತಿ.

ವಿಂಗಡಣೆಯಿಂದ ಮಾತ್ರವೇ ಏನೂ ನಷ್ಟವಾಗುವುದಿಲ್ಲ. ನಷ್ಟವಾಗುವುದು ಒರಟಾಗಿ ಅಳೆಯುವಲ್ಲಿ. ಅಳತೆಯ ಮೆಟ್ಟಿಲು ದೊಡ್ಡದಾದಷ್ಟೂ ಫೈಲು ಕಿರಿದಾಗುತ್ತದೆ, ಸೂಕ್ಷ್ಮಾಂಶ ಸೊನ್ನೆಯಾಗುತ್ತದೆ. ಹಾಗೆ ಸೊನ್ನೆಯಾದದ್ದನ್ನು ಯಾವ ತಂತ್ರಾಂಶವೂ ಮರಳಿ ತರಲಾರದು. ಕುಟ್ಟಿದ ಅವಲಕ್ಕಿಯನ್ನು ತಿರುಗಿ ಭತ್ತವಾಗಿಸುವವರುಂಟೆ? ಇನ್ನು, ಕಿರಿದಾದ ಫೈಲನ್ನು ಒಬ್ಬರು ಇನ್ನೊಬ್ಬರಿಗೆ ಕಳಿಸುವಾಗ ಸಂದೇಶದ ಆ್ಯಪು ಅದನ್ನು ಮತ್ತೊಮ್ಮೆ ಕಿರಿದುಮಾಡುತ್ತದೆ. ಪಡೆದವರು ಅದರಲ್ಲೊಂದು ತುಂಡನ್ನು ಕತ್ತರಿಸಿ, ಮೇಲೆ ಹೆಸರು ಬರೆದು, ಮತ್ತೊಮ್ಮೆ ಸಂಕುಚಿಸಿ ಎನ್‌ಕೋಡ್ ಮಾಡುತ್ತಾರೆ. ಹಿಂದಿನ ಸಂಕೋಚನದಿಂದ ಹುಟ್ಟಿದ ಚೌಕಚೌಕವಾದ ಕಲೆಗಳನ್ನು ಮುಂದಿನ ಸಂಕೋಚನವು ಚಿತ್ರದ ನಿಜವಾದ ಅಂಶವೆಂದೇ ಎಣಿಸಿ, ಅವುಗಳ ರಕ್ಷಣೆಗಾಗಿ ತನ್ನ ಬಿಟ್ಟುಗಳನ್ನು ವ್ಯಯಮಾಡುತ್ತದೆ. ನಮ್ಮನ್ನಗಲಿದ ಹಿರಿಯ ಕಲಾವಿದರನೇಕರ ವೇಷಗಳು ಇಂದಿನ ತರುಣರಿಗೆ ದೊರಕುತ್ತಿರುವುದು ಇಂಥ ಕೈಬದಲಾದ ಪ್ರತಿಗಳಲ್ಲಿ ಮಾತ್ರ. ಅಲ್ಲಿ ಕಿರೀಟವಿದೆ, ಭುಜಕೀರ್ತಿಯಿದೆ, ಮುಖವಿರಬೇಕಾದ ಸ್ಥಳದಲ್ಲಿ ಬಣ್ಣದ ಮಬ್ಬಿದೆ. ಇದನ್ನು ಕಂಡಾಗ ಮನಸ್ಸಿಗೆ ನಿಜವಾಗಿಯೂ ನೋವಾಗುತ್ತದೆ.

ಆದುದರಿಂದ ಈ ಕೆಲಸಕ್ಕೆ ತಾವು ಎಫ್‌ಎಫ್‌ಎಂಪೆಗ್ ಎಂಬ ತಂತ್ರಾಂಶವನ್ನು ಆಶ್ರಯಿಸಬೇಕೆಂದು ನನ್ನ ಕೋರಿಕೆ. ಫ್ರಾನ್ಸಿನ ಫಾಬ್ರೀಸ್ ಬೆಲಾರ್ ಎಂಬ ಪ್ರತಿಭಾವಂತರು 2000ದಲ್ಲಿ ಆರಂಭಿಸಿ, ಆಮೇಲೆ ಅನೇಕರು ಕೈಗೂಡಿಸಿ ಬೆಳೆಸಿದ ಇದು ಸ್ವತಂತ್ರ ತಂತ್ರಾಂಶ. ಬೆಲೆಯಿಲ್ಲ, ಜಾಹೀರಾತಿಲ್ಲ, ಚಿತ್ರದ ಮೂಲೆಯಲ್ಲಿ ತನ್ನ ಮುದ್ರೆಯನ್ನು ಒತ್ತುವುದಿಲ್ಲ, ಹಳೆಯ ಕಂಪ್ಯೂಟರಿನಲ್ಲಿಯೂ ನಡೆಯುತ್ತದೆ. ಅದರೊಡನೆ ಕೆಲಸಮಾಡುವ ಎಕ್ಸ್264 ಎಂಬ ಎನ್‌ಕೋಡರು 2003ರಲ್ಲಿ ಅಂಗೀಕೃತವಾದ ಎಚ್.264 ಮಾನಕಕ್ಕೆ ಬರೆದದ್ದು. ಅದರ ಪ್ರತಿಗಳು ಇಂದು ಹಳ್ಳಿಯ ಮನೆಯ ಟಿವಿಯಲ್ಲಿಯೂ ಅಜ್ಜನ ಹಳೆಯ ಮೊಬೈಲಿನಲ್ಲಿಯೂ ಓಡುತ್ತವೆ.

ಎಫ್‌ಎಫ್‌ಎಂಪೆಗ್‌ಗೆ ಒತ್ತಲು ಗುಂಡಿಗಳಿಲ್ಲ. ಕಮಾಂಡ್ ಲೈನಿನಲ್ಲಿ ಆಜ್ಞೆಯನ್ನು ಬರೆಯಬೇಕು. ಕಪ್ಪು ಪರದೆಯನ್ನು ಕಂಡು ಅಳುಕುವವರು ನಮ್ಮಲ್ಲಿ ಬಹಳ ಮಂದಿ. ಆದರೆ ಆ ಆಜ್ಞೆಯ ಅಂಗಾಂಗವನ್ನು ಒಮ್ಮೆ ಬಿಡಿಸಿ ನೋಡಿದರೆ ಅಳುಕಿಗೆ ಕಾರಣವಿಲ್ಲವೆಂದು ತಿಳಿಯುತ್ತದೆ. ಮೊದಲು ತಂತ್ರಾಂಶದ ಹೆಸರು. ಅನಂತರ ಒಂದು ಅಡ್ಡಗೆರೆಯೊಡನೆ ಇಂಗ್ಲಿಷಿನ ಐ ಅಕ್ಷರ, ಅದರ ಮುಂದೆ ಮೂಲ ಫೈಲಿನ ಹೆಸರು. ಚಿತ್ರಕ್ಕೆ ಲಿಬ್‌ಎಕ್ಸ್264 ಎಂದೂ, ಗುಣಕ್ಕೆ ಸಿಆರ್‌ಎಫ್ 20 ಎಂದೂ, ವೇಗಕ್ಕೆ ಪ್ರಿಸೆಟ್ ಸ್ಲೋ ಎಂದೂ, ಧ್ವನಿಗೆ ಎಎಸಿ, 192 ಕಿಲೋಬಿಟ್ಟು ಎಂದೂ ಸೂಚನೆ. ಕಡೆಗೆ ಹೊಸ ಫೈಲಿನ ಹೆಸರು. ಇಷ್ಟೇ. ಒಂದೇ ಸಾಲು. ಆ ಸಾಲನ್ನು ಒಂದು ಪುಸ್ತಕದಲ್ಲಿ ಬರೆದಿಟ್ಟರೆ, ಹತ್ತು ವರ್ಷದ ಮೇಲೆ ಬಂದವನಿಗೂ ಈ ಪ್ರತಿ ಹೇಗೆ ಹುಟ್ಟಿತೆಂಬುದು ಸ್ಪಷ್ಟವಾಗುತ್ತದೆ. ಅದೇ ಸಾಲನ್ನು ಒಂದು ಫೋಲ್ಡರಿನ ಎಲ್ಲ ಫೈಲುಗಳಿಗೂ ಅನ್ವಯಿಸುವಂತೆ ಬರೆದು ರಾತ್ರಿ ಬಿಟ್ಟು ಮಲಗಿದರೆ, ಮೊದಲ ಆಟಕ್ಕೆ ದೊರೆತ ಎಚ್ಚರಿಕೆಯೇ ಕೊನೆಯ ಆಟಕ್ಕೂ ದೊರೆತಿರುತ್ತದೆ. ಹೊಸ ಫೈಲುಗಳು ಬೇರೆಯೇ ಫೋಲ್ಡರಿಗೆ ಹೋಗುವಂತೆ ಮಾಡುವುದೂ, ಇದ್ದ ಫೈಲಿನ ಮೇಲೆ ಕೇಳದೆ ಬರೆಯಲು ಅನುಮತಿಕೊಡುವ ವೈ ಎಂಬ ಸೂಚನೆಯನ್ನು ಬಳಸದಿರುವುದೂ ಕ್ಷೇಮ. ಏನೇ ಆದರೂ ಆಜ್ಞೆ ಬರೆಯುವುದು ಒಗ್ಗದೆಂಬವರಿಗೆ ಹ್ಯಾಂಡ್‌ಬ್ರೇಕ್ ಎಂಬ ತಂತ್ರಾಂಶವಿದೆ. ಅದರ ಒಳಗೂ ಎಕ್ಸ್264 ಇದೆ, ಅದೂ ಉಚಿತ, ತಾನು ಮಾಡುವುದನ್ನು ಮುಚ್ಚಿಡುವುದಿಲ್ಲ.

ಈಗ ಮುಖ್ಯವಾದ ಮಾತಿಗೆ ಬರುತ್ತೇನೆ. ಸಾಮಾನ್ಯವಾಗಿ ಜನ ಕೇಳುವ ಪ್ರಶ್ನೆ, ‘ಒಂದು ಗಂಟೆಯ ಫೈಲು ಎಷ್ಟು ಜಿಬಿ ಇರಬೇಕು?’ ಎಂಬುದು. ಈ ಪ್ರಶ್ನೆಯೇ ಸರಿಯಲ್ಲ. ತಾಳಮದ್ದಳೆಯಲ್ಲಿ ಅರ್ಥಧಾರಿಗಳು ಸಾಲಾಗಿ ಕುಳಿತಿರುತ್ತಾರೆ. ಕೈ ಎತ್ತುವುದು, ಶಾಲು ಸರಿಪಡಿಸಿಕೊಳ್ಳುವುದು, ತುಟಿಗಳ ಚಲನೆ, ಇಷ್ಟನ್ನು ಬಿಟ್ಟರೆ ಚಿತ್ರದಲ್ಲಿ ಬದಲಾಗುವುದು ಬಹು ಸ್ವಲ್ಪ. ಆಟದಲ್ಲಾದರೋ, ಕಿರೀಟದ ಮಣಿಯಿಂದ ಹಿಡಿದು ಕಾಲ್ಗೆಜ್ಜೆಯವರೆಗೆ ಎಲ್ಲವೂ ಚಲಿಸುತ್ತಿರುತ್ತದೆ. ಎರಡಕ್ಕೂ ಒಂದೇ ಗಾತ್ರವನ್ನು ನಿಗದಿಮಾಡಿದರೆ, ಮೊದಲನೆಯದಕ್ಕೆ ವ್ಯರ್ಥವಾಗಿ ಬಿಟ್ಟುಗಳನ್ನು ಸುರಿದಂತಾಗುತ್ತದೆ, ಎರಡನೆಯದಕ್ಕೆ ಅನ್ಯಾಯವಾಗುತ್ತದೆ. ಗಾತ್ರವನ್ನು ನಿಗದಿಮಾಡದೆ ಗುಣವನ್ನು ನಿಗದಿಮಾಡಿ, ಗಾತ್ರವು ತಾನೇ ಏರಲಿ ಇಳಿಯಲಿ ಎಂದು ಬಿಡುವುದೇ ಸಿಆರ್‌ಎಫ್. ಎಕ್ಸ್264ರಲ್ಲಿ ಈ ಸಂಖ್ಯೆ 0ಯಿಂದ 51ರವರೆಗೆ ಹೋಗುತ್ತದೆ. ಕಡಮೆಯಾದಷ್ಟೂ ಗುಣ ಹೆಚ್ಚು, ಗಾತ್ರವೂ ಹೆಚ್ಚು. ನಾವು ಏನೂ ಹೇಳದಿದ್ದರೆ ಅದು 23 ಎಂದು ಹಿಡಿಯುತ್ತದೆ. ಆರು ಸಂಖ್ಯೆ ಏರಿಸಿದರೆ ಫೈಲು ಸುಮಾರಾಗಿ ಅರ್ಧವಾಗುತ್ತದೆ, ಇಳಿಸಿದರೆ ಇಮ್ಮಡಿಯಾಗುತ್ತದೆ. ಡಿವಿಡಿಯ 4.7 ಗಿಗಾಬೈಟಿನಂತೆ ಮಿತಿಯೊಂದು ಮೊದಲೇ ಗೊತ್ತಾಗಿರುವಲ್ಲಿ ಮಾತ್ರ ಚಿತ್ರವನ್ನು ಎರಡು ಸಲ ಓದಿ ಬಿಟ್ಟುಗಳನ್ನು ಹಂಚುವ ಟೂ ಪಾಸ್ ವಿಧಾನ ಯುಕ್ತವಾದದ್ದು.

ಆದರೆ 23 ಎಂಬುದು ಲೋಕಸಾಮಾನ್ಯವಾದ ವಿಡಿಯೋಗೆ ಸಾಕಾದ ಸಂಖ್ಯೆಯೇ ಹೊರತು ಬಯಲಾಟಕ್ಕೆ ಒಪ್ಪುವಂಥದಲ್ಲ. ಏಕೆಂದರೆ ಎನ್‌ಕೋಡರು ಕಣ್ಣಿನ ಸ್ವಭಾವದ ಬಗ್ಗೆ ಕೆಲವು ಊಹೆಗಳನ್ನು ಮಾಡಿಕೊಂಡಿರುತ್ತದೆ. ವೇಗವಾಗಿ ಚಲಿಸುವ ವಸ್ತುವಿನ ವಿವರವನ್ನು ಕಣ್ಣು ಹಿಡಿಯಲಾರದು, ಆದುದರಿಂದ ಅಲ್ಲಿ ಉಳಿತಾಯಮಾಡಬಹುದು ಎಂಬುದು ಅವುಗಳಲ್ಲೊಂದು. ರಸ್ತೆಯಲ್ಲಿ ಓಡುವ ಕಾರಿಗೆ ಈ ಊಹೆ ಸರಿಹೋಗುತ್ತದೆ. ಧಿಗಿಣ ಹಾರುವ ವೇಷಧಾರಿಗೆ ಸರಿಹೋಗದು. ಅವನು ಎಲ್ಲಿ ಪಾದ ಎತ್ತಿದ, ಯಾವ ಪೆಟ್ಟಿಗೆ ನೆಲ ಮುಟ್ಟಿದ, ಗಾಳಿಯಲ್ಲಿ ಸೊಂಟ ಎಷ್ಟು ತಿರುಗಿತು ಎಂಬುದನ್ನು ನೋಡಲೆಂದೇ ಕಲಿಯುವ ಹುಡುಗ ಆ ವಿಡಿಯೋವನ್ನು ನಿಲ್ಲಿಸಿ ನಿಲ್ಲಿಸಿ, ಹಿಂದೆ ಮುಂದೆ ಓಡಿಸಿ ನೋಡುತ್ತಾನೆ. ಅವನು ನಿಲ್ಲಿಸಿದ ಆ ಫ್ರೇಮೇ ಎನ್‌ಕೋಡರು ಜಿಪುಣತನ ತೋರಿದ ಫ್ರೇಮಾಗಿರುತ್ತದೆ. ಹಾಗೆಯೇ ತೆಂಕುತಿಟ್ಟಿನ ಬಣ್ಣದ ವೇಷದ ಮುಖವನ್ನು ನೋಡಿ. ಅಕ್ಕಿಹಿಟ್ಟಿನಿಂದ ಒಂದೊಂದಾಗಿ, ಗಂಟೆಗಟ್ಟಲೆ ಕುಳಿತು ಇಟ್ಟ ಚುಟ್ಟಿಯ ಬಿಳಿಯ ಮುಳ್ಳುಗಳು ಕೆಂಪು ಕಪ್ಪು ಬಣ್ಣಗಳ ನಡುವೆ ಎದ್ದುನಿಂತಿರುತ್ತವೆ; ಶೀಘ್ರವಾಗಿ ಬದಲಾಗುವ ಸೂಕ್ಷ್ಮಾಂಶವೆಂದು ಗಣಿತವು ಯಾವುದನ್ನು ಕರೆಯುತ್ತದೆಯೋ ಅದೇ ಅದು, ಮೊದಲು ಸೊನ್ನೆಯಾಗುವುದೂ ಅದೇ. ಚುಟ್ಟಿಯೆಲ್ಲವೂ ಕರಗಿ ಒಂದು ಬೆಳ್ಳನೆಯ ಪಟ್ಟಿಯಾದ ಮುಖವನ್ನು ನೋಡಿ ಚೌಕಿಯಲ್ಲಿ ಮುಖ ಬರೆಯುವ ಕಲೆಯನ್ನು ಕಲಿಯುವುದು ಹೇಗೆ?

ಆದುದರಿಂದ ಆಟಕ್ಕೆ 18ರಿಂದ 20ರೊಳಗಿನ ಸಂಖ್ಯೆಯನ್ನೂ, ತಾಳಮದ್ದಳೆಗೆ 22ರ ಆಸುಪಾಸನ್ನೂ ನಾನು ಯೋಗ್ಯವೆಂದು ಎಣಿಸುತ್ತೇನೆ. ನನ್ನ ಮಾತನ್ನು ಪ್ರಮಾಣವೆಂದು ಸ್ವೀಕರಿಸದೆ ತಾವೇ ಪರೀಕ್ಷಿಸಿ ನೋಡಬೇಕು. ಇಡೀ ರಾತ್ರಿಯ ಫೈಲನ್ನು ಎನ್‌ಕೋಡಿಗೆ ಹಾಕುವ ಮೊದಲು, ಅದರಲ್ಲಿ ಅತ್ಯಂತ ಕಷ್ಟವಾದ ಅರ್ಧ ನಿಮಿಷವನ್ನು ಆರಿಸಿಕೊಳ್ಳಿ: ದೀಪ ಮಂದವಾಗಿ, ಎರಡು ಮೂರು ವೇಷಗಳು ಏಕಕಾಲದಲ್ಲಿ ಕುಣಿಯುವ ಯುದ್ಧದ ಸನ್ನಿವೇಶವಾದರೆ ಉತ್ತಮ. ಎಲ್ಲಿಂದ ಎಷ್ಟು ಹೊತ್ತು ಎಂದು ಆಜ್ಞೆಯಲ್ಲಿಯೇ ಸೂಚಿಸಿ ಅಷ್ಟನ್ನು ಮಾತ್ರ 18, 20, 23 ಎಂದು ಮೂರು ಬಗೆಯಾಗಿ ಮಾಡಿ, ಮೊಬೈಲಿನಲ್ಲಲ್ಲ, ದೊಡ್ಡ ಪರದೆಯ ಮೇಲೆ, ಮೂಲದ ಪಕ್ಕದಲ್ಲಿಟ್ಟು, ನಿಲ್ಲಿಸಿ ನೋಡಿ. ಸಾಧ್ಯವಾದರೆ ಒಬ್ಬ ವೇಷಧಾರಿಯನ್ನೂ ಒಬ್ಬ ಮದ್ದಳೆಗಾರನನ್ನೂ ಜೊತೆಗೆ ಕೂರಿಸಿಕೊಳ್ಳಿ. ತಮಗೆ ಕಾಣದ ಕೊರತೆ ಅವರಿಗೆ ಕಾಣುತ್ತದೆ. ಹಾಗೆ ಮಾಡಿದ ಪ್ರತಿ ಸರಾಸರಿ ಸೆಕೆಂಡಿಗೆ 4 ಮೆಗಾಬಿಟ್ಟಿಗೆ ಇಳಿಯಿತೆಂದು ಇಟ್ಟುಕೊಂಡರೂ ಎಂಟು ಗಂಟೆಯ ಆಟ ಹದಿನಾಲ್ಕು ಹದಿನೈದು ಗಿಗಾಬೈಟಿನಲ್ಲಿ ನಿಲ್ಲುತ್ತದೆ.

ಮಂದಬೆಳಕಿನ ಚಿತ್ರಗಳಲ್ಲಿ ಇನ್ನೊಂದು ತೊಡಕಿದೆ. ಕ್ಯಾಮರಾದ ಸಂವೇದಕವೇ ಹುಟ್ಟಿಸಿದ ಕಾಳುಕಾಳಾದ ಗದ್ದಲವು ಫ್ರೇಮಿನಿಂದ ಫ್ರೇಮಿಗೆ ಬದಲಾಗುತ್ತಿರುವುದರಿಂದ ಅದನ್ನು ಊಹಿಸಲು ಬಾರದೆ ಫೈಲು ಉಬ್ಬುತ್ತದೆ. ಅದನ್ನು ತೊಳೆಯುವ ಶೋಧಕಗಳು ಎಫ್‌ಎಫ್‌ಎಂಪೆಗ್‌ನಲ್ಲಿ ಉಂಟು. ಆದರೆ ಅವು ಗದ್ದಲದೊಂದಿಗೆ ಚುಟ್ಟಿಯನ್ನೂ ವೇಷದ ಮಿಣುಕುಗಳನ್ನೂ ತೊಳೆಯುತ್ತವೆಯಾದ್ದರಿಂದ ಹಂಚುವ ಪ್ರತಿಗೆ ಮಿತವಾಗಿ ಬಳಸಬಹುದು, ಕಾಪಿಡುವ ಪ್ರತಿಗೆ ಕೂಡದು.

ಪ್ರಿಸೆಟ್ ಎಂಬುದು ಎನ್‌ಕೋಡರು ಎಷ್ಟು ಶ್ರಮಿಸಿ ಹುಡುಕಬೇಕೆಂಬ ಸೂಚನೆ. ಅಲ್ಟ್ರಾಫಾಸ್ಟ್‌ನಿಂದ ವೆರಿಸ್ಲೋವರೆಗೆ ಮೆಟ್ಟಿಲುಗಳಿವೆ. ನಿಧಾನವಾದಷ್ಟೂ ಅದೇ ಗುಣಕ್ಕೆ ಫೈಲು ಕಿರಿದಾಗುತ್ತದೆ. ಆಟಕ್ಕೆ ಒಂದು ರಾತ್ರಿ ಕೊಟ್ಟ ತಾವು ಎನ್‌ಕೋಡಿಗೆ ಇನ್ನೊಂದು ರಾತ್ರಿಯನ್ನು ಕೊಡಲು ಹಿಂಜರಿಯಬಾರದು. ಗ್ರಾಫಿಕ್ಸ್ ಕಾರ್ಡಿನ ಎನ್‌ಕೋಡರು ಇದೇ ಕೆಲಸವನ್ನು ನಿಮಿಷಗಳಲ್ಲಿ ಮುಗಿಸುತ್ತದೆಯಾದರೂ ಸಮಾನ ಗಾತ್ರದಲ್ಲಿ ನಿಧಾನದ ಎಕ್ಸ್264ರಷ್ಟು ಗುಣವನ್ನು ಸಾಮಾನ್ಯವಾಗಿ ಕೊಡಲಾರದು. ನಾಳೆಯೇ ಕಳಿಸಬೇಕಾದ ತುರ್ತಿನ ಪ್ರತಿಗೆ ಅದು ಸಾಕು.

ಹಳೆಯ ಮಿನಿಡಿವಿ ಟೇಪುಗಳನ್ನು ಇಟ್ಟುಕೊಂಡಿರುವವರಿಗೆ ಪ್ರತ್ಯೇಕವಾಗಿ ಎರಡು ಮಾತು. ಆ ಚಿತ್ರಗಳು 720 ಅಡ್ಡ, 576 ಉದ್ದ. ಒಂದೊಂದು ಫ್ರೇಮಿನಲ್ಲಿಯೂ ಬೆಸ ಗೆರೆಗಳದೊಂದು, ಸಮ ಗೆರೆಗಳದೊಂದು ಎಂದು ಎರಡು ಬೇರೆ ಬೇರೆ ಕ್ಷಣಗಳು ಹೆಣೆದುಕೊಂಡಿರುತ್ತವೆ. ಇದನ್ನು ಬಿಡಿಸದೆ ಎನ್‌ಕೋಡ್ ಮಾಡಿದರೆ ಕುಣಿಯುವ ವೇಷದ ಅಂಚಿನಲ್ಲೆಲ್ಲ ಅಡ್ಡಗೀರುಗಳು ಏಳುತ್ತವೆ. ಬಿಡಿಸುವುದಕ್ಕೆ ಯಾಡಿಫ್, ಬಿಡಬ್ಲ್ಯುಡಿಫ್ ಎಂಬ ಶೋಧಕಗಳಿವೆ. ಯಾಡಿಫ್ ತಾನಾಗಿ ಫ್ರೇಮಿಗೆ ಒಂದೇ ಫ್ರೇಮನ್ನು ಕೊಡುತ್ತದೆ, ಎಂದರೆ ಸೆಕೆಂಡಿಗೆ 25. ಅಲ್ಲಿಗೆ ಟೇಪಿನಲ್ಲಿದ್ದ ಚಲನೆಯ ಅರ್ಧಭಾಗ ಹೋಯಿತು. ಪ್ರತಿ ಗೆರೆಗುಂಪಿಗೂ ಒಂದು ಫ್ರೇಮು ಕೊಡೆಂದು ಮೋಡ್ 1ನ್ನು ಸೂಚಿಸಿದರೆ ಸೆಕೆಂಡಿಗೆ 50 ಫ್ರೇಮುಗಳು ದೊರೆತು ಹೆಜ್ಜೆಯ ನಯ ಉಳಿಯುತ್ತದೆ. ಇನ್ನು, ಆ ಕಾಲದ ಚಿತ್ರದ ಅಗಲ ಎತ್ತರಗಳ ಪ್ರಮಾಣ ಸಾಮಾನ್ಯವಾಗಿ ನಾಲ್ಕಕ್ಕೆ ಮೂರು. ಈಗಿನ ಟಿವಿಯನ್ನು ತುಂಬಿಸಬೇಕೆಂಬ ಆಸೆಯಿಂದ ಅದನ್ನು ಎಳೆದು ಹಿಗ್ಗಿಸುವುದು ದಯವಿಟ್ಟು ಬೇಡ. ಎತ್ತರದ ಕಿರೀಟ ಚಪ್ಪಟೆಯಾಗಿ, ಸಪೂರದ ಸ್ತ್ರೀವೇಷ ಸ್ಥೂಲವಾಗಿ ಕಾಣುವುದು ಕಲಾವಿದನಿಗೆ ಮಾಡಿದ ಅಪಚಾರ.

ಚಿತ್ರದ ಮಾತಿನಲ್ಲಿ ಧ್ವನಿಯನ್ನು ಮರೆಯುವುದು ಎಲ್ಲೆಡೆಯೂ ಕಾಣುವ ದೋಷ. ಎಂಟು ಗಂಟೆಯ ಧ್ವನಿಯನ್ನು 192 ಕಿಲೋಬಿಟ್ಟಿನಲ್ಲಿಟ್ಟರೆ ಎಲ್ಲ ಸೇರಿ 700 ಮೆಗಾಬೈಟಿಗಿಂತ ಕಡಮೆಯಾಗುತ್ತದೆ. ಅದನ್ನು 64ಕ್ಕೆ ಇಳಿಸಿ ಉಳಿಸುವ ಸ್ಥಳ ಚಿತ್ರದ ಮುಂದೆ ಲೆಕ್ಕಕ್ಕೇ ಬಾರದು. ಆದರೆ ಆ ಇಳಿತದಲ್ಲಿ ಕೆಡುವುದು ಚೆಂಡೆಯ ಪೆಟ್ಟು. ಥಟ್ಟನೆ ಹುಟ್ಟಿ ಥಟ್ಟನೆ ಅಡಗುವ ನಾದವನ್ನು ಅಲ್ಪ ಬಿಟ್ಟುಗಳಲ್ಲಿ ಹಿಡಿಯಹೊರಟಾಗ ಪೆಟ್ಟಿಗೆ ಮೊದಲೇ ಅದರ ಮಸುಕಾದ ಸಪ್ಪಳ ಹರಡಿಕೊಳ್ಳುತ್ತದೆ. ಚಕ್ರತಾಳದ ನಾದ ನೀರುನೀರಾಗುತ್ತದೆ. ಮದ್ದಳೆಯ ಶ್ರುತಿಯನ್ನು ಗುರುತಿಸುವುದೇ ಕಷ್ಟವಾಗುತ್ತದೆ. ಮೂಲದ ಧ್ವನಿ ಆಗಲೇ ಸಂಕುಚಿತವಾಗಿದ್ದರೆ ಅದನ್ನು ಮುಟ್ಟದೆ ಇದ್ದಂತೆಯೇ ನಕಲಿಸೆಂದು ಕಾಪಿ ಸೂಚನೆ ಕೊಡುವುದೇ ಲೇಸು. ಹಿಮ್ಮೇಳಕ್ಕೊಂದು, ಮುಮ್ಮೇಳಕ್ಕೊಂದು ಎಂದು ಬೇರೆ ಬೇರೆ ಧ್ವನಿಪಥಗಳನ್ನು ಹಿಡಿದಿರುವವರು, ಎಲ್ಲವನ್ನೂ ತರಬೇಕೆಂದು ಮ್ಯಾಪ್ ಸೂಚನೆಯನ್ನು ಆಜ್ಞೆಯಲ್ಲಿ ಸೇರಿಸಲೇಬೇಕು. ಇಲ್ಲವಾದರೆ ಎಫ್‌ಎಫ್‌ಎಂಪೆಗ್ ಒಂದೇ ಪಥವನ್ನು ಆರಿಸಿಕೊಂಡು ಉಳಿದವನ್ನು ಸದ್ದಿಲ್ಲದೆ ಕೈಬಿಡುತ್ತದೆ.

ಕಾಪಿ ಸೂಚನೆಯ ಉಪಯೋಗ ಇನ್ನೂ ವಿಶಾಲವಾದದ್ದು. ಕ್ಯಾಮರಾಗಳು ದೀರ್ಘವಾದ ಚಿತ್ರೀಕರಣವನ್ನು ತುಂಡು ಫೈಲುಗಳಾಗಿ ಬರೆಯುತ್ತವೆ. ಅವನ್ನು ಒಂದುಗೂಡಿಸುವುದಕ್ಕೋ, ಆರಂಭದ ಭಾಷಣಗಳನ್ನು ಕತ್ತರಿಸುವುದಕ್ಕೋ, ಎಂಟಿಎಸ್ ಫೈಲನ್ನು ಎಂಪಿ4 ಮಾಡುವುದಕ್ಕೋ ಮರಳಿ ಎನ್‌ಕೋಡ್ ಮಾಡಬೇಕಾದ ಅಗತ್ಯವೇ ಇಲ್ಲ. ಚಿತ್ರವನ್ನೂ ಧ್ವನಿಯನ್ನೂ ಹಾಗೆಯೇ ನಕಲಿಸಿದರೆ ಕ್ಷಣಮಾತ್ರದಲ್ಲಿ ಕೆಲಸವಾಗುತ್ತದೆ, ಒಂದು ಬಿಟ್ಟಿನ ಗುಣವೂ ಕುಂದದು. ಕತ್ತರಿಸುವಾಗ ಮಾತ್ರ ಕಡಿತವು ಹತ್ತಿರದ ಪೂರ್ಣಫ್ರೇಮಿಗೆ, ಎಂದರೆ ಹಿಂದಿನದನ್ನು ಆಶ್ರಯಿಸದೆ ತಾನೇ ಪೂರ್ತಿಯಾಗಿ ಬರೆದ ಫ್ರೇಮಿಗೆ, ಹೊಂದಿಕೊಳ್ಳುವುದರಿಂದ ಸ್ವಲ್ಪ ಮೊದಲೇ ಕತ್ತರಿಸಿಕೊಳ್ಳಬೇಕು. ನಕಲಿನಿಂದ ಮುಗಿಯುವ ಕೆಲಸಕ್ಕೆ ಎನ್‌ಕೋಡರನ್ನು ಕರೆಯಬಾರದು.

ಎಚ್.264ಕ್ಕಿಂತ ಮುಂದುವರಿದ, 2013ರ ಎಚ್‌ಇವಿಸಿಯೂ 2018ರ ಎವಿ1 ಎಂಬುದೂ ಅದೇ ಗುಣವನ್ನು ಇನ್ನೂ ಕಿರಿದಾದ ಫೈಲಿನಲ್ಲಿ ಕೊಡಬಲ್ಲವು. ಆದರೆ ಎನ್‌ಕೋಡಿಗೆ ಹೆಚ್ಚು ಹೊತ್ತು ಬೇಕು, ಹಳೆಯ ಸಾಧನಗಳು ಅವನ್ನು ಓದಲಾರವು. ಸಿಆರ್‌ಎಫ್ ಸಂಖ್ಯೆಯ ಅರ್ಥವೂ ಒಂದೊಂದರಲ್ಲಿ ಒಂದೊಂದು ಬಗೆ. ಅವು ಹಂಚಿಕೆಗೆ ಉಪಯೋಗಕ್ಕೆ ಬರುವ ಕಾಲ ಬಂದಾಗ ಮೂಲದಿಂದ ಹೊಸದಾಗಿ ಪ್ರತಿಮಾಡಿಕೊಳ್ಳಬಹುದು. ಮೂಲವಿದ್ದರೆ.

ಈ ‘ಇದ್ದರೆ’ ಎಂಬುದಕ್ಕಾಗಿಯೇ ಇಷ್ಟು ದೂರ ಬರೆದದ್ದು. ಕಿರಿದುಮಾಡಿದ ಪ್ರತಿಯು ಮೂಲದ ಬದಲಿಗೆ ಬಂದದ್ದಲ್ಲ. ಅದು ನೋಡುವವರಿಗಾಗಿ ಮಾಡಿದ್ದು. ಕ್ಯಾಮರಾದಿಂದ ಬಂದ ಫೈಲು ಎರಡು ಡಿಸ್ಕುಗಳಲ್ಲಿ, ಎರಡು ಮನೆಗಳಲ್ಲಿ ಇರಬೇಕು. ಒಂದೊಂದು ಫೈಲಿಗೂ ಶಾ256 ಎಂಬ ಗುರುತುಸಂಖ್ಯೆಯನ್ನು ತೆಗೆದು ಬರೆದಿಟ್ಟು, ವರ್ಷಕ್ಕೊಮ್ಮೆ ತಾಳೆನೋಡಿದರೆ, ಡಿಸ್ಕಿನಲ್ಲಿ ಒಂದಕ್ಷರ ಕೆಟ್ಟಿದ್ದರೂ ತಿಳಿದುಬರುತ್ತದೆ. ಆಗ ಇನ್ನೊಂದು ಮನೆಯ ಪ್ರತಿಯಿಂದ ಸರಿಪಡಿಸಿಕೊಳ್ಳಬಹುದು. ವಿಎಚ್‌ಎಸ್ ಟೇಪುಗಳಿಂದ ಸಂಕೋಚನವಿಲ್ಲದೆ ಇಳಿಸಿಕೊಂಡ ಚಿತ್ರಗಳಿದ್ದರೆ ಅವನ್ನು ಎಫ್‌ಎಫ್‌ವಿ1 ಎಂಬ ನಷ್ಟರಹಿತ ವಿಧಾನದಲ್ಲಿಡಬಹುದು: ಫೈಲು ಸಾಮಾನ್ಯವಾಗಿ ಅರ್ಧದ ಆಸುಪಾಸಿಗೆ ಇಳಿಯುತ್ತದೆ, ಬಿಚ್ಚಿದಾಗ ಬಿಂದುಬಿಂದುವೂ ಮರಳಿ ಬರುತ್ತದೆ. ಎಫ್‌ಎಫ್‌ಎಂಪೆಗ್‌ನವರೇ ರೂಪಿಸಿದ ಈ ವಿಧಾನದ ವಿವರಗಳು 2021ರಲ್ಲಿ ಸಾರ್ವಜನಿಕ ದಾಖಲೆಯಾಗಿ ಪ್ರಕಟವಾಗಿರುವುದರಿಂದ, ಮುಂದೆ ಯಾರು ಬೇಕಾದರೂ ಅದನ್ನು ಓದುವ ತಂತ್ರಾಂಶವನ್ನು ಹೊಸದಾಗಿ ಬರೆಯಬಹುದು. ಕ್ಯಾಮರಾದ ಎಚ್.264 ಫೈಲನ್ನು ಮಾತ್ರ ಹೀಗೆ ಬದಲಾಯಿಸಬೇಡಿ. ಅದು ಹಲವು ಪಟ್ಟು ಉಬ್ಬುತ್ತದೆ, ಲಾಭವೇನೂ ಇಲ್ಲ.

ಡಿಸ್ಕಿಗೆ ಹಣವೆಲ್ಲಿಂದ ತರುವುದೆಂದು ತಾವು ಕೇಳಬಹುದು. ಕೇಳುವ ಅಧಿಕಾರ ತಮಗುಂಟು. ಸ್ವಂತ ಸಂಪಾದನೆಯಿಂದ ಕ್ಯಾಮರಾ ಕೊಂಡವರೇ ತಮ್ಮಲ್ಲಿ ಹೆಚ್ಚು. ಆಟ ಆಡಿಸುವ ಮನೆಯವರು, ಊರಿನ ಸಂಘದವರು ವೀಳ್ಯ, ಶಾಮಿಯಾನ, ಊಟಗಳ ಲೆಕ್ಕದಲ್ಲಿ ಚಿತ್ರೀಕರಣದ ಡಿಸ್ಕನ್ನೂ ಒಂದು ಬಾಬ್ತಾಗಿ ಸೇರಿಸಬೇಕೆಂದು ಅವರನ್ನೂ ಈ ಮೂಲಕ ಪ್ರಾರ್ಥಿಸುತ್ತೇನೆ. ಅದೂ ಆಗದೆ, ಮೂಲವನ್ನು ಇಟ್ಟುಕೊಳ್ಳುವುದು ನಿಜವಾಗಿಯೂ ಅಸಾಧ್ಯವಾದಲ್ಲಿ, ಸಿಆರ್‌ಎಫ್ 17 ಅಥವಾ 18, ಪ್ರಿಸೆಟ್ ಸ್ಲೋ, ಧ್ವನಿ ಇದ್ದಂತೆಯೇ ಕಾಪಿ, ಹೀಗೆ ಒಂದು ಪ್ರತಿ ಮಾಡಿ, ಆರಂಭದಿಂದ ಅಂತ್ಯದವರೆಗೆ ನೋಡಿ, ಅನಂತರವೇ ಮೂಲವನ್ನು ತೆಗೆಯಬಹುದು. ಗುಣದಲ್ಲಿ ಇದಕ್ಕಿಂತ ಕೆಳಗೆ ಇಳಿಯಲು ನಾನು ಯಾರಿಗೂ ಸಲಹೆ ಕೊಡಲಾರೆ.

ಈ ಮಳೆಗಾಲದಲ್ಲಿ, ಮೇಳಗಳು ವಿಶ್ರಾಂತಿಯಲ್ಲಿರುವ ತಿಂಗಳುಗಳಲ್ಲಿ, ತಮ್ಮ ಕಪಾಟಿನಲ್ಲಿರುವ ಡಿಸ್ಕುಗಳನ್ನೂ ಟೇಪುಗಳನ್ನೂ ಹೊರತೆಗೆದು, ಯಾವ ಪ್ರಸಂಗ, ಯಾವ ಊರು, ಯಾವ ದಿನ, ಭಾಗವತರು ಯಾರು, ವೇಷ ಯಾರದು ಎಂಬುದನ್ನು ಫೈಲಿನ ಜೊತೆಗೆ ಬರೆದಿಡಿ. ಅದರ ಕೆಳಗೆ, ಪ್ರತಿಯನ್ನು ಮಾಡಿದ ಆಜ್ಞೆಯ ಸಾಲನ್ನೂ ಬರೆಯಿರಿ. ಆಜ್ಞೆ ಬರೆಯಬಲ್ಲ ತರುಣರು ನಿಮ್ಮ ಊರಿನಲ್ಲಿಯೇ ಇದ್ದಾರೆ, ಅವರನ್ನು ಕರೆಯಿರಿ. ಮಿನಿಡಿವಿ ಟೇಪು ಓದುವ ಯಂತ್ರಗಳು ಈಗ ತಯಾರಾಗುತ್ತಿಲ್ಲವಾದ್ದರಿಂದ, ಟೇಪುಗಳಿಂದಲೇ ಆರಂಭಿಸಿ.

ಇತಿ ತಮ್ಮ ವಿಶ್ವಾಸಿ,
ಆಟದ ಒಬ್ಬ ಪ್ರೇಕ್ಷಕ